ಪ್ಲಾಸ್ಮಾ, ಗ್ಯಾಸ್, ಕಾರ್ಬನ್ ರಾಡ್: ನಿಮ್ಮ ಅಂಗಡಿಗೆ ಯಾವ ಕಟಿಂಗ್ ಸರಿ?

ಹುಬ್ಬಳ್ಳಿಯಲ್ಲಿ ಮೆಷಿನ್ ಮಾರುವ ಅಂಗಡಿಗೆ ಹೋಗಿ ‘ಕಟಿಂಗ್ ಮೆಷಿನ್ ಬೇಕು’ ಅಂದರೆ ಮೊದಲು ಆಂಪಿಯರ್ ಹೇಳುತ್ತಾರೆ, ಆಮೇಲೆ ದರ ಹೇಳುತ್ತಾರೆ. ನಿಮ್ಮಲ್ಲಿಗೆ ಎಂಥ ಕೆಲಸ ಬರುತ್ತದೆ ಎಂದು ಕೇಳುವವರು ಕಡಿಮೆ. ಆಯ್ಕೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಹಾವೇರಿ, ರಾಣೆಬೆನ್ನೂರು ಕಡೆ ಟ್ರ್ಯಾಲಿ ಕಟ್ಟುವವರ ಕೈಗೆ ಬರುವುದು 3ರಿಂದ 8 ಮಿ.ಮೀ. ಪ್ಲೇಟು, ಚಾನೆಲ್ಲು, ಆಂಗಲ್ಲು. ಗದಗ ಸುತ್ತ ಜೆಸಿಬಿ ಬಕೆಟ್ಟು, ಕ್ರಷರ್ ರಿಪೇರಿ ಮಾಡುವವರು ಕತ್ತರಿಸುವುದಕ್ಕಿಂತ ಹಳೆಯ ವೆಲ್ಡಿಂಗ್ ಕೆತ್ತಿ ತೆಗೆಯುವುದೇ ಹೆಚ್ಚು. ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ 40 ಮಿ.ಮೀ. ಶಾಫ್ಟೂ ಬರುತ್ತದೆ, ತುಕ್ಕು ಹಿಡಿದ ಗರ್ಡರೂ ಬರುತ್ತದೆ. ಈ ಮೂವರಿಗೂ ಒಂದೇ ಮೆಷಿನ್ ಹೊಂದುವುದಿಲ್ಲ.

ಆದ್ದರಿಂದ ದುಡ್ಡು ಎಣಿಸುವ ಮೊದಲು ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಲೋಹ, ಎಷ್ಟು ದಪ್ಪ, ಎಷ್ಟು ಅಡಿ ಕತ್ತರಿಸಿದಿರಿ, ಕತ್ತರಿಸಿದ ಅಂಚಿಗೆ ಮುಂದೆ ಏನಾಯಿತು. ಈ ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಅಂಚು ವೆಲ್ಡಿಂಗಿಗೆ ಹೋಗುತ್ತದೆಯೋ, ಹಾಗೇ ಕಣ್ಣಿಗೆ ಕಾಣುವಂತೆ ಉಳಿಯುತ್ತದೆಯೋ, ಅದರ ಪಕ್ಕದಲ್ಲಿ ಡ್ರಿಲ್ ಹೊಡೆಯಬೇಕೋ, ಅಥವಾ ತುಂಡು ನೇರ ಗುಜರಿಗೆ ಬೀಳುತ್ತದೆಯೋ ಎನ್ನುವುದರ ಮೇಲೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಕತ್ತರಿಸುವಾಗ ಒಳಗೆ ನಡೆಯುವುದೇನು

ಗ್ಯಾಸ್ ಕಟಿಂಗ್ ಕಬ್ಬಿಣವನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ ಸುಡುತ್ತದೆ. ಉರಿಯಿಂದ ಉಕ್ಕು ಸುಮಾರು 900 ಡಿಗ್ರಿಗೆ ಏರಿದ ಮೇಲೆ ಆಕ್ಸಿಜನ್ ಬಿಟ್ಟರೆ ಉಕ್ಕೇ ಉರಿದು ಕಿಟ್ಟವಾಗಿ ಕೆಳಗೆ ಹರಿಯುತ್ತದೆ. ಆ ಕಿಟ್ಟ ಉಕ್ಕಿಗಿಂತ ಕಡಿಮೆ ಶಾಖಕ್ಕೆ ಕರಗುವುದರಿಂದಲೇ ಸೀಳು ಬಿಡುತ್ತದೆ. ಸ್ಟೇನ್‌ಲೆಸ್ಸಿನಲ್ಲಿ ಮೇಲೆ ಕಟ್ಟುವ ಕ್ರೋಮಿಯಂ ಪದರ, ಅಲ್ಯೂಮಿನಿಯಂ ಮೇಲಿನ ಪದರ ಎರಡೂ ಒಳಗಿನ ಲೋಹಕ್ಕಿಂತ ಬಹಳ ಹೆಚ್ಚು ಶಾಖಕ್ಕೆ ಕರಗುವಂಥವು. ಹಾಗಾಗಿ ಗ್ಯಾಸಿನಿಂದ ಅವು ತುಂಡಾಗುವುದಿಲ್ಲ, ಗಂಟುಗಂಟಾಗಿ ಕರಗಿ ಕೂರುತ್ತವೆ.

ಪ್ಲಾಸ್ಮಾದಲ್ಲಿ ಸುಡುವ ಮಾತಿಲ್ಲ. ಟಾರ್ಚಿನ ಒಳಗಿನ ಎಲೆಕ್ಟ್ರೋಡಿನಿಂದ ಪ್ಲೇಟಿಗೆ ಹಾರುವ ಆರ್ಕ್, ಅಂದರೆ ಕರೆಂಟಿನ ಕಿಡಿ, ನೋಜಲ್ಲಿನ ಒಂದು ಮಿ.ಮೀ. ಆಸುಪಾಸಿನ ತೂತಿನಲ್ಲಿ ಗಾಳಿಯ ಜೊತೆ ಹಿಂಡಿಕೊಂಡು ಹೊರಬರುತ್ತದೆ. ಅಲ್ಲಿ ಶಾಖ 20,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಲೋಹ ಕರಗುತ್ತದೆ, ಗಾಳಿ ಅದನ್ನು ಕೆಳಗೆ ಊದುತ್ತದೆ. ಕರೆಂಟು ಹರಿಯುವ ಯಾವ ಲೋಹವಾದರೂ ಸರಿ: ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು), ಎಸ್‌ಎಸ್ (ಸ್ಟೇನ್‌ಲೆಸ್), ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ.

ಕಾರ್ಬನ್ ರಾಡ್ ಗೌಜಿಂಗಿನಲ್ಲಿ ತಾಮ್ರ ಲೇಪಿಸಿದ ಇದ್ದಿಲ ರಾಡು ಆರ್ಕ್ ಹೊಡೆಯುತ್ತದೆ, ಹೋಲ್ಡರಿನ ತೂತುಗಳಿಂದ ಬರುವ ಗಾಳಿ ಕರಗಿದ್ದನ್ನು ಹಾರಿಸುತ್ತದೆ. ಇದು ಕತ್ತರಿಯಲ್ಲ, ಉಳಿ. ಕತ್ತರಿಸಲೂ ಬಳಸಬಹುದು, ಆದರೆ ಅದರ ಬೆಲೆ ಇರುವುದು ಕೆತ್ತುವುದರಲ್ಲಿ.

ಪ್ಲಾಸ್ಮಾ: ಪೆಟ್ಟಿಗೆಯ ಮೇಲಿನ ದಪ್ಪ ನಿಮ್ಮ ದಪ್ಪವಲ್ಲ

ಪೆಟ್ಟಿಗೆಯ ಮೇಲೆ ‘25 ಮಿ.ಮೀ.’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಹೇಗಾದರೂ ಸರಿ, ಅಂಚಿನಿಂದ ಶುರುಮಾಡಿ, ನಿಮಿಷಕ್ಕೆ ಒಂದು ಗೇಣಿಗಿಂತ ನಿಧಾನವಾಗಿ ಎಳೆದರೆ ತುಂಡಾಗುವ ದಪ್ಪ. ಅಂಚು ಚೆನ್ನಾಗಿ ಬರುವ ದಪ್ಪ ಅದರ ಅರ್ಧ. ಪ್ಲೇಟಿನ ನಡುವೆ ತೂತು ಹೊಡೆದು ಶುರುಮಾಡುವುದಾದರೂ ಅರ್ಧವೇ. ದಿನವಿಡೀ ಮಾಡುವ ಕೆಲಸಕ್ಕೆ ಹೀಗೆ ಲೆಕ್ಕ ಇಟ್ಟುಕೊಳ್ಳಿ: 40 ಆಂಪಿಯರಿಗೆ 10 ಮಿ.ಮೀ., 60 ಆಂಪಿಯರಿಗೆ 16 ಮಿ.ಮೀ., 100 ಆಂಪಿಯರಿಗೆ 25 ಮಿ.ಮೀ. 40ರಲ್ಲಿ 12 ಮಿ.ಮೀ. ಕತ್ತರಿಸಬಹುದು, ನಿಮಿಷಕ್ಕೆ ಅರ್ಧ ಮೀಟರಿನಷ್ಟು. ಆದರೆ ದಿನವೂ 12 ಮಿ.ಮೀ. ಬರುವ ಅಂಗಡಿ 40 ಕೊಳ್ಳಬಾರದು.

ಪಕ್ಕದಲ್ಲೇ ಡ್ಯೂಟಿ ಸೈಕಲ್ ಬರೆದಿರುತ್ತದೆ. 60 ಶೇಕಡಾ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆರ್ಕ್, ನಾಲ್ಕು ನಿಮಿಷ ವಿಶ್ರಾಂತಿ. ಯಾವ ಉಷ್ಣತೆಗೆ ಆ ಲೆಕ್ಕ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ. 40 ಡಿಗ್ರಿಗೆ ಹಾಕಿದ್ದರೆ ನಂಬಬಹುದು. ಕೆಲವರು 25 ಡಿಗ್ರಿಗೆ ಹಾಕಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಪತ್ರಾಸಿನ ಶೆಡ್ಡಿನ ಕೆಳಗೆ ಆ ಮೆಷಿನ್ ಪದೇ ಪದೇ ಕಾಯ್ದು ನಿಲ್ಲುತ್ತದೆ.

ಇನ್ನು ಗಾಳಿ. ಪ್ಲಾಸ್ಮಾ ಕೊಂಡು ಬೇಸತ್ತವರಲ್ಲಿ ಬಹುಪಾಲು ಜನರ ದೂರು ಮೆಷಿನ್ನಿನದ್ದಲ್ಲ, ಕಂಪ್ರೆಸರಿನದ್ದು. 40 ಆಂಪಿಯರ್ ಟಾರ್ಚಿಗೆ ನಿಮಿಷಕ್ಕೆ ಸುಮಾರು 120 ಲೀಟರ್, 60ಕ್ಕೆ 170ರಿಂದ 190 ಲೀಟರ್ ಗಾಳಿ ಬೇಕು, ಚದರ ಸೆಂಟಿಮೀಟರಿಗೆ 4.5ರಿಂದ 5.5 ಕೆಜಿ ಒತ್ತಡದಲ್ಲಿ. ಕಂಪ್ರೆಸರ್ ಮೇಲೆ ಬರೆದಿರುವುದು ಹೆಚ್ಚಾಗಿ ಪಿಸ್ಟನ್ ಎಳೆಯುವ ಗಾಳಿ. ಹೊರಗೆ ಸಿಗುವುದು ಅದರ ಮೂರನೇ ಎರಡು ಭಾಗ ಮಾತ್ರ. ಪಂಕ್ಚರ್ ಅಂಗಡಿಯ ಮಾದರಿಯ 2 ಎಚ್‌ಪಿ ಕಂಪ್ರೆಸರ್ 40ಕ್ಕೆ ಹೇಗೋ ಸಾಕಾಗುತ್ತದೆ, 60ಕ್ಕೆ ಸಾಲದು. ಅದಕ್ಕೆ 3 ಎಚ್‌ಪಿ, ಎರಡು ಸಿಲಿಂಡರಿನದ್ದು ಬೇಕು.

ಒತ್ತಡವನ್ನು ಗಾಳಿ ಹರಿಯುತ್ತಿರುವಾಗಲೇ ನೋಡಬೇಕು. ಸುಮ್ಮನಿದ್ದಾಗ 6 ತೋರಿಸುವ ಮುಳ್ಳು, ಟ್ರಿಗರ್ ಒತ್ತಿದ ಕೂಡಲೇ 3.5ಕ್ಕೆ ಇಳಿದರೆ ಪೈಪು ಸಣ್ಣದು, ಇಲ್ಲವೇ ಫಿಲ್ಟರ್ ಕಟ್ಟಿದೆ. ಒಳ ಅಳತೆ 8 ಮಿ.ಮೀ.ಗಿಂತ ಕಡಿಮೆ ಇರುವ ಪೈಪನ್ನು ಹತ್ತು ಮೀಟರ್ ಎಳೆದರೆ ಹೀಗಾಗುತ್ತದೆ. ಗಾಳಿ ಕಡಿಮೆಯಾದರೆ ಆರ್ಕ್ ತೂತಿನ ನಡುವೆ ನಿಲ್ಲದೆ ನೋಜಲ್ಲಿನ ಗೋಡೆಗೆ ಹೊಡೆಯುತ್ತದೆ. ನೋಜಲ್ಲಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಎಷ್ಟು ನೇರ ಹಿಡಿದರೂ ಸೀಳು ಓರೆಯಾಗಿಯೇ ಬರುತ್ತದೆ.

ಗಾಳಿಯಲ್ಲಿ ನೀರು ಇದ್ದರಂತೂ ಇನ್ನೂ ಕೆಟ್ಟದ್ದು. ಧಾರವಾಡದ ಜಡಿಮಳೆಯ ದಿನಗಳಲ್ಲಿ ಟ್ಯಾಂಕಿನ ತಳದಲ್ಲಿ ಒಂದೇ ದಿನಕ್ಕೆ ಲೋಟಗಟ್ಟಲೆ ನೀರು ನಿಲ್ಲುತ್ತದೆ. ಬೆಳಿಗ್ಗೆ ಕೆಲಸ ಶುರುಮಾಡುವ ಮುನ್ನ, ಮಧ್ಯಾಹ್ನ ಊಟದ ನಂತರ, ಎರಡು ಸಲ ಕೆಳಗಿನ ಕಾಕ್ ತೆರೆದು ಬಿಡಿ. ಕಂಪ್ರೆಸರಿನಿಂದ ಬಿಸಿಗಾಳಿ ನೇರ ಮೆಷಿನ್ನಿಗೆ ಹೋಗದ ಹಾಗೆ ಗೋಡೆಯ ಮೇಲೆ ಎಂಟು-ಹತ್ತು ಮೀಟರ್ ಜಿಐ ಪೈಪ್ ಓಡಿಸಿ, ತುದಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿ. ಗಾಳಿ ದಾರಿಯಲ್ಲೇ ತಣ್ಣಗಾಗಿ ನೀರು ಬಿಡಲಿ ಎಂದು ಈ ಏರ್ಪಾಟು. ಪರೀಕ್ಷೆ ಸುಲಭ: ಆರ್ಕ್ ಇಲ್ಲದೆ ಬರೀ ಗಾಳಿ ಬಿಡುವ ಸ್ವಿಚ್ ಹಾಕಿ ಟಾರ್ಚಿನ ಮುಂದೆ ಒಂದು ಕನ್ನಡಿ ತುಂಡು ಹತ್ತು ಸೆಕೆಂಡ್ ಹಿಡಿಯಿರಿ. ಕನ್ನಡಿ ಮಬ್ಬಾದರೆ ನೀರಿದೆ, ಜಿಡ್ಡು ಕಂಡರೆ ಕಂಪ್ರೆಸರಿನ ರಿಂಗು ಸವೆದು ಎಣ್ಣೆ ಬರುತ್ತಿದೆ.

ಎಲೆಕ್ಟ್ರೋಡನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹೊಸದರಲ್ಲಿ ತಾಮ್ರದ ತುದಿಯ ನಡುವೆ ರಾಗಿಕಾಳಿನಷ್ಟು ಬೆಳ್ಳಗಿನ ಚುಕ್ಕೆ ಕಾಣುತ್ತದೆ. ಅದು ಹಾಫ್ನಿಯಂ. ಆರ್ಕ್ ಹುಟ್ಟುವುದು ಅಲ್ಲಿಂದ. ಪ್ರತಿ ಸಲ ಟ್ರಿಗರ್ ಒತ್ತಿದಾಗಲೂ ಅದರಲ್ಲಿ ಒಂದಿಷ್ಟು ಹಾರಿಹೋಗಿ ಗುಳಿ ಬೀಳುತ್ತದೆ. ಗುಳಿ ದುಂಡಗೆ, ನಡುವಿಗೆ ಇದ್ದರೆ ಸಹಜ ಸವೆತ. ವರ್ನಿಯರಿನ ಹಿಂದಿನ ಕಡ್ಡಿ ಇಟ್ಟು ಅಳೆಯಿರಿ, ಒಂದು ಮಿ.ಮೀ. ದಾಟಿದರೆ ಬದಲಿಸಿ. ಇನ್ನೂ ನಾಲ್ಕು ಕಟ್ ಆಗಲಿ ಎಂದು ಎಳೆದರೆ ಚುಕ್ಕೆ ಮುಗಿದು ತಾಮ್ರವೇ ಉರಿಯುತ್ತದೆ, ಉರಿ ಹಸಿರಾಗುತ್ತದೆ, ಟಾರ್ಚಿನ ತಲೆಯೇ ಹೋಗುತ್ತದೆ. ತಾಮ್ರದ ಸುತ್ತ ಕಪ್ಪು ಹಿಡಿದಿದ್ದರೆ ನೀರು ಅಥವಾ ಎಣ್ಣೆ. ಗುಳಿ ಒಂದು ಪಕ್ಕಕ್ಕೆ ಸರಿದಿದ್ದರೆ ಗಾಳಿಯನ್ನು ಸುತ್ತಿಸುವ ರಿಂಗಿನ ತೂತು ಕಟ್ಟಿದೆ ಅಥವಾ ರಿಂಗು ಬಿರುಕು ಬಿಟ್ಟಿದೆ. ನೋಜಲ್, ಎಲೆಕ್ಟ್ರೋಡ್ ಜೊತೆಯಾಗಿಯೇ ಬದಲಿಸುವುದು ಲೇಸು. ಹಳೆ ನೋಜಲ್ ಜೊತೆ ಹೊಸ ಎಲೆಕ್ಟ್ರೋಡ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಒಂದು ಜೊತೆ ಎಷ್ಟು ದಿನ ಬರುತ್ತದೆ ಎನ್ನುವುದು ಎಷ್ಟು ಮೀಟರ್ ಎಳೆದಿರಿ ಎನ್ನುವುದಕ್ಕಿಂತ ಎಷ್ಟು ಸಲ ಟ್ರಿಗರ್ ಒತ್ತಿದಿರಿ ಎನ್ನುವುದರ ಮೇಲಿದೆ. ಆದ್ದರಿಂದ ಗಾಳಿಯಲ್ಲಿ ಸುಮ್ಮನೆ ಪಟಪಟ ಆರ್ಕ್ ಹೊಡೆದು ನೋಡುವ ಚಟವನ್ನು ಹುಡುಗರಿಗೆ ಬಿಡಿಸಿ.

ಕೈಯ ವೇಗ ಸರಿಯಿದೆಯೋ ಇಲ್ಲವೋ ಪ್ಲೇಟಿನ ಕೆಳಗೆ ಬೀಳುವ ಕಿಡಿಯೇ ಹೇಳುತ್ತದೆ. ಕಿಡಿ ನೆಟ್ಟಗೆ ಕೆಳಗೆ ಬಿದ್ದರೆ ನಿಧಾನ, ಹಿಂದಕ್ಕೆ 15–20 ಡಿಗ್ರಿ ವಾಲಿದರೆ ಸರಿ, ಬಹಳ ಹಿಂದೆ ಎಳೆದರೆ ಅಥವಾ ಮೇಲಕ್ಕೆ ಹಾರಿದರೆ ಜಾಸ್ತಿ. ಅಂಚಿನ ಕಿಟ್ಟವೂ ಇದನ್ನೇ ಹೇಳುತ್ತದೆ. ನಿಧಾನವಾದರೆ ಕೆಳಗೆ ದಪ್ಪ, ನೊರೆನೊರೆ ಕಿಟ್ಟ ಕೂರುತ್ತದೆ, ಸುತ್ತಿಗೆ ತಟ್ಟಿದರೆ ಉದುರುತ್ತದೆ. ಜಾಸ್ತಿಯಾದರೆ ದಾರದಂಥ ತೆಳು ಗೆರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಗ್ರೈಂಡರ್ ಇಲ್ಲದೆ ಬಿಡುವುದಿಲ್ಲ. ಹೊಸಬರು ನಿಧಾನವಾಗಿ ಎಳೆದರೆ ಚೆನ್ನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಪ್ಲಾಸ್ಮಾದಲ್ಲಿ ಅದು ತಪ್ಪು. ನಿಧಾನವಾದಷ್ಟೂ ಆರ್ಕ್ ಲೋಹವನ್ನು ಹುಡುಕುತ್ತಾ ಸೀಳನ್ನು ಅಗಲ ಮಾಡುತ್ತದೆ.

ಇನ್ನೊಂದು ವಿಷಯ ಮಾರುವವರು ಹೇಳುವುದೇ ಇಲ್ಲ. ಟಾರ್ಚಿನೊಳಗೆ ಗಾಳಿ ಸುತ್ತುವುದರಿಂದ ಸೀಳಿನ ಎರಡು ಪಕ್ಕ ಒಂದೇ ಸಮ ಇರುವುದಿಲ್ಲ. ಸಾಮಾನ್ಯ ಟಾರ್ಚುಗಳಲ್ಲಿ ಮುಂದೆ ಹೋಗುವ ದಿಕ್ಕಿಗೆ ಬಲಗಡೆಯ ಅಂಚು ನೆಟ್ಟಗೆ ಬರುತ್ತದೆ, ಎಡಗಡೆಯದು ಓರೆ. ಬೇಕಾದ ತುಂಡು ಬಲಕ್ಕೆ, ಬಿಸಾಡುವುದು ಎಡಕ್ಕೆ ಇರುವ ಹಾಗೆ ಗುರುತು ಹಾಕಿ ಎಳೆಯಿರಿ. ಸೀಳಿನ ಅಗಲ 40–60 ಆಂಪಿಯರಿಗೆ ಒಂದೂವರೆಯಿಂದ ಎರಡೂವರೆ ಮಿ.ಮೀ. ಅದನ್ನು ಅಳತೆಯಲ್ಲಿ ಬಿಟ್ಟುಕೊಳ್ಳದಿದ್ದರೆ ಫ್ಲಾಂಜು (ಪೈಪು ಜೋಡಿಸುವ ಬಿಲ್ಲೆ) ಚಿಕ್ಕದಾಗುತ್ತದೆ.

ಕರೆಂಟು ಸಾಕಾಗುತ್ತದೆಯೇ?

40 ಆಂಪಿಯರಿನ ಸಿಂಗಲ್ ಫೇಸ್ ಪ್ಲಾಸ್ಮಾ ಪೂರ್ತಿ ಹೊರೆಯಲ್ಲಿ 25 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದೇ ಲೈನಿನ ಮೇಲೆ ಕಂಪ್ರೆಸರ್ ಎದ್ದರೆ ವೋಲ್ಟೇಜು ಕುಸಿದು ಆರ್ಕ್ ಆರಿಹೋಗುತ್ತದೆ. 60 ಆಂಪಿಯರಿನ ತ್ರೀ ಫೇಸ್ ಮೆಷಿನ್ನಿಗೆ ಏಳೂವರೆ ಕಿಲೋವ್ಯಾಟ್, 3 ಎಚ್‌ಪಿ ಕಂಪ್ರೆಸರಿಗೆ ಎರಡೂಕಾಲು ಕಿಲೋವ್ಯಾಟ್, ಒಟ್ಟು ಹತ್ತರ ಹತ್ತಿರ. ನಿಮ್ಮ ಹೆಸ್ಕಾಂ ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಹೊರೆ ಎಷ್ಟಿದೆ ಎಂದು ಮೊದಲು ನೋಡಿ. ಅಲ್ಲಿ 5 ಎಚ್‌ಪಿ ಎಂದಿದ್ದರೆ ಮೆಷಿನ್ ಕೊಳ್ಳುವ ಮುನ್ನ ಹೊರೆ ಹೆಚ್ಚಿಸಿಕೊಳ್ಳುವ ಅರ್ಜಿ ಹಾಕಬೇಕು. ನೀರಾವರಿ ಪಂಪುಗಳು ಓಡುವ ಹೊತ್ತಿನಲ್ಲಿ ಹಳ್ಳಿ ಲೈನಿನ ವೋಲ್ಟೇಜನ್ನು ಮೀಟರ್ ಇಟ್ಟು ಅಳೆಯಿರಿ. ಹೆಚ್ಚಿನ ಇನ್‌ವರ್ಟರ್ ಮೆಷಿನ್ನುಗಳು ತ್ರೀ ಫೇಸಿನಲ್ಲಿ 350 ವೋಲ್ಟಿನ ಆಸುಪಾಸಿಗೆ ಬಂದರೆ ಕೈಕೊಡುತ್ತವೆ. ಜನರೇಟರ್ ಮೇಲೆ ಓಡಿಸುವುದಾದರೆ 60 ಆಂಪಿಯರ್ ಮೆಷಿನ್ ಮತ್ತು ಕಂಪ್ರೆಸರ್ ಸೇರಿ 20 ಕೆವಿಎ ಇರಲಿ.

ಹೊಲದಲ್ಲೇ ಹೋಗಿ ರಿಪೇರಿ ಮಾಡುವವರಿಗೆ, ತ್ರೀ ಫೇಸ್ ಕೆಲವೇ ತಾಸು ಇರುವ ಊರುಗಳಲ್ಲಿ ಅಂಗಡಿ ಇರುವವರಿಗೆ ಪ್ಲಾಸ್ಮಾ ಇನ್ನೂ ಕಷ್ಟದ ಆಯ್ಕೆಯೇ. ಅವರಿಗೆ ಗ್ಯಾಸು ಬಿಟ್ಟರೆ ಗತಿಯಿಲ್ಲ.

ಗ್ಯಾಸ್ ಎಲ್ಲಿ ಗೆಲ್ಲುತ್ತದೆ

20 ಮಿ.ಮೀ. ದಾಟಿದ ಮೈಲ್ಡ್ ಸ್ಟೀಲಿಗೆ ಗ್ಯಾಸೇ ಸರಿ. ನೋಜಲ್ ಬದಲಿಸಿದರೆ 100 ಮಿ.ಮೀ. ಕೂಡ ಕತ್ತರಿಸಬಹುದು. ಅಷ್ಟು ದಪ್ಪಕ್ಕೆ ಪ್ಲಾಸ್ಮಾ ಬೇಕೆಂದರೆ ಸಣ್ಣ ಅಂಗಡಿ ಕೊಳ್ಳಲಾಗದಷ್ಟು ದೊಡ್ಡ ಮೆಷಿನ್ ಬೇಕು. ಕರೆಂಟು ಬೇಡ, ತಳ್ಳುಗಾಡಿಯ ಮೇಲೆ ಎಲ್ಲಿಗಾದರೂ ಹೋಗುತ್ತದೆ, ಹಿಡಿದ ನಟ್ಟನ್ನು ಕಾಯಿಸಲು, ಬಾಗಿದ ಆಂಗಲ್ಲನ್ನು ಕೆಂಪಗೆ ಮಾಡಿ ತಿದ್ದಲು ಅದೇ ಟಾರ್ಚು ಸಾಕು. ಈ ಕೊನೆಯ ಉಪಯೋಗಕ್ಕಾಗಿಯೇ ಪ್ಲಾಸ್ಮಾ ಕೊಂಡವರೂ ಗ್ಯಾಸ್ ಸೆಟ್ ಮಾರಬಾರದು.

ವೇಗದಲ್ಲಿ ಮಾತ್ರ ತೆಳು ಪ್ಲೇಟಿಗೆ ಹೋಲಿಕೆಯೇ ಇಲ್ಲ. 6 ಮಿ.ಮೀ. ಪ್ಲೇಟನ್ನು ಗ್ಯಾಸ್ ನಿಮಿಷಕ್ಕೆ ಅರ್ಧ ಮೀಟರ್ ಕತ್ತರಿಸಿದರೆ 60 ಆಂಪಿಯರ್ ಪ್ಲಾಸ್ಮಾ ಕೈಯಲ್ಲೇ ಒಂದರಿಂದ ಒಂದೂವರೆ ಮೀಟರ್ ಎಳೆಯುತ್ತದೆ. ಮೊದಲು ಕಾಯಿಸಿಕೊಳ್ಳುವ ಹೊತ್ತೂ ಉಳಿಯುತ್ತದೆ. 3 ಮಿ.ಮೀ. ತಗಡನ್ನು ಗ್ಯಾಸಿನಿಂದ ಉದ್ದಕ್ಕೆ ಸೀಳಿದರೆ ಹಪ್ಪಳದ ಹಾಗೆ ಸುರುಳುತ್ತದೆ, ಟ್ರ್ಯಾಲಿಯ ಪಕ್ಕದ ಹಲಗೆಗೆ ಅದು ಬರುವುದಿಲ್ಲ.

ಖರ್ಚಿನ ಲೆಕ್ಕ ಹೀಗೆ ಹಾಕಿ. 7 ಘನ ಮೀಟರಿನ ಒಂದು ಆಕ್ಸಿಜನ್ ಸಿಲಿಂಡರ್ 12 ಮಿ.ಮೀ. ಪ್ಲೇಟಿಗೆ ಟಾರ್ಚು ಉರಿಯುವ ಎರಡರಿಂದ ಮೂರು ತಾಸು ಬರುತ್ತದೆ. ಆ ಅವಧಿಯಲ್ಲಿ ಎಷ್ಟು ಮೀಟರ್ ಕತ್ತರಿಸಿದಿರಿ ಎಂದು ಅಳೆದು ಸಿಲಿಂಡರ್ ದರ, ತರುವ ಆಟೋ ಬಾಡಿಗೆ, ಎಲ್‌ಪಿಜಿ ಸೇರಿಸಿ ಭಾಗಿಸಿ. ಪ್ಲಾಸ್ಮಾಕ್ಕೆ ಆರ್ಕ್ ಉರಿಯುವ ಒಂದು ತಾಸಿಗೆ ಕಂಪ್ರೆಸರ್ ಸೇರಿ ಹತ್ತು ಯೂನಿಟ್ ಕರೆಂಟು, ಜೊತೆಗೆ ಸವೆದ ನೋಜಲ್-ಎಲೆಕ್ಟ್ರೋಡಿನ ದರ. 6 ಮಿ.ಮೀ. ಕೆಲಸವೇ ಹೆಚ್ಚಿರುವ ಅಂಗಡಿಯಲ್ಲಿ ಪ್ಲಾಸ್ಮಾದ ಮೀಟರ್ ಖರ್ಚು ಸ್ಪಷ್ಟವಾಗಿ ಕಡಿಮೆ ಬರುತ್ತದೆ. 20 ಮಿ.ಮೀ. ಹೆಚ್ಚಿರುವಲ್ಲಿ ಲೆಕ್ಕ ತಿರುಗಿಬೀಳುತ್ತದೆ.

ಅಸಿಟಿಲೀನೋ ಎಲ್‌ಪಿಜಿಯೋ ಎಂದು ಕೇಳಿದರೆ, ಉದ್ದ ಉದ್ದ ಕತ್ತರಿಸುವವರಿಗೆ ಎಲ್‌ಪಿಜಿ ಅಗ್ಗ. ತುಂಡು ತುಂಡಾಗಿ, ಪದೇ ಪದೇ ಹೊಸದಾಗಿ ಶುರುಮಾಡುವವರಿಗೆ ಅಸಿಟಿಲೀನ್ ಬೇಗ ಕಾಯಿಸುತ್ತದೆ. ಎರಡರ ನೋಜಲ್ ಬೇರೆ ಬೇರೆ. ಅಸಿಟಿಲೀನಿನ ನೋಜಲ್ಲಿಗೆ ಎಲ್‌ಪಿಜಿ ಕೊಟ್ಟರೆ ಉರಿ ನಿಲ್ಲುವುದಿಲ್ಲ, ಪಟಾರೆಂದು ಹಿಂದಕ್ಕೆ ಹೊಡೆಯುತ್ತದೆ. ಮನೆಯ ಕೆಂಪು ಸಿಲಿಂಡರ್ ಬಳಸುವುದು ಕಾನೂನಿಗೆ ವಿರುದ್ಧ. ಅಸಿಟಿಲೀನಿನ ಒತ್ತಡ ಒಂದು ಕೆಜಿ ದಾಟಿಸಬೇಡಿ, ಮಲಗಿಸಿ ತಂದ ಸಿಲಿಂಡರನ್ನು ನಿಲ್ಲಿಸಿ ಕೆಲವು ತಾಸು ಬಿಟ್ಟೇ ತೆರೆಯಿರಿ. ಉರಿ ಹಿಂದಕ್ಕೆ ಹೋಗದಂತೆ ತಡೆಯುವ ಅರೆಸ್ಟರ್ ಎರಡೂ ಪೈಪಿಗೆ ಇರಲೇಬೇಕು. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿದ ಕೈ ತಾಗಿಸಬಾರದು. ಬಿಗಿಯಾದ ಕಾಕಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಆಕ್ಸಿಜನ್ ಒತ್ತಡದಲ್ಲಿ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಕಾರ್ಬನ್ ರಾಡ್: ಕೆತ್ತುವವರಿಗೆ

ಜೆಸಿಬಿ ಬಕೆಟ್ಟಿನ ಬಿರುಕು, ತಪ್ಪಾಗಿ ಬಿದ್ದ ವೆಲ್ಡಿಂಗ್, ಸವೆದ ಹಲ್ಲಿನ ಅಡಾಪ್ಟರ್ ತೆಗೆಯಲು ಇದಕ್ಕಿಂತ ವೇಗದ ದಾರಿಯಿಲ್ಲ. ಗ್ರೈಂಡರಿನಲ್ಲಿ ಅರ್ಧ ದಿನ ಹಿಡಿಯುವ ಬಿರುಕನ್ನು ಕೆಲವೇ ನಿಮಿಷದಲ್ಲಿ ಬುಡದವರೆಗೆ ತೆರೆಯಬಹುದು. ಆದರೆ ಇದು ಹಸಿದ ಯಂತ್ರ. 5 ಮಿ.ಮೀ. ರಾಡಿಗೆ 200–250 ಆಂಪಿಯರ್, 6.3ಕ್ಕೆ 300–400, 8ಕ್ಕೆ 350–450. ಉಕ್ಕಿಗೆ ಡಿಸಿ, ರಾಡು ಪಾಸಿಟಿವ್. ಕೈಯಲ್ಲಿ ಎತ್ತಿಕೊಂಡು ಹೋಗುವ 200 ಆಂಪಿಯರಿನ ಇನ್‌ವರ್ಟರ್ ವೆಲ್ಡಿಂಗ್ ಮೆಷಿನ್ನಿಗೆ ಇದನ್ನು ಕಟ್ಟಬೇಡಿ, ಅದು ಈ ಕೆಲಸಕ್ಕಲ್ಲ. 400 ಆಂಪಿಯರಿನ ರೆಕ್ಟಿಫೈಯರ್ (ಡಿಸಿ ಕೊಡುವ ದೊಡ್ಡ ವೆಲ್ಡಿಂಗ್ ಮೆಷಿನ್) ಬೇಕು. ಗಾಳಿ 5.5ರಿಂದ 7 ಕೆಜಿ ಒತ್ತಡದಲ್ಲಿ, ಪ್ಲಾಸ್ಮಾದ ಮೂರು ನಾಲ್ಕು ಪಟ್ಟು. 5 ಎಚ್‌ಪಿ ಕಂಪ್ರೆಸರಿನಲ್ಲಿ ನಿಂತು ನಿಂತು ಮಾಡಬಹುದು, 7.5 ಇದ್ದರೆ ನಿಶ್ಚಿಂತೆ.

ರಾಡು ಹೋಲ್ಡರಿನಿಂದ 150 ಮಿ.ಮೀ. ಮೀರಿ ಹೊರಗಿರಬಾರದು, 50 ಉಳಿದಾಗ ನಿಲ್ಲಿಸಿ ಮುಂದೆ ಎಳೆದುಕೊಳ್ಳಬೇಕು. ಗಾಳಿಯ ತೂತುಗಳು ರಾಡಿಗೂ ಪ್ಲೇಟಿಗೂ ನಡುವೆ, ಅಂದರೆ ಕೆಳಗೆ ಇರಬೇಕು. ಮೊದಲು ಗಾಳಿ, ಆಮೇಲೆ ಆರ್ಕ್. ಈ ಕ್ರಮ ತಪ್ಪಿದರೆ ಕರಗಿದ ಉಕ್ಕಿನಲ್ಲಿ ಇದ್ದಿಲು ಬೆರೆತು ಅಲ್ಲಿಯೇ ಗಟ್ಟಿಯಾಗುತ್ತದೆ. ಅದರ ಮೇಲೆ ವೆಲ್ಡ್ ಮಾಡಿದರೆ ಮತ್ತೆ ಅದೇ ಜಾಗದಲ್ಲಿ ಬಿರುಕು. ರಾಡು ಗುಂಡಿಗೆ ತಾಗಿದ ಪ್ರತಿ ಜಾಗವನ್ನೂ ಬೆಳ್ಳಗಾಗುವವರೆಗೆ ಉಜ್ಜಿ ತೆಗೆಯಿರಿ. ಗೌಜಿಂಗ್ ಕೆಲಸ ಕೆಟ್ಟಿತು ಎಂದು ಬರುವ ದೂರುಗಳಲ್ಲಿ ಈ ಉಜ್ಜದೆ ಬಿಟ್ಟದ್ದೇ ಮುಖ್ಯ ಕಾರಣ. ಕ್ರಷರಿನ ಮ್ಯಾಂಗನೀಸ್ ಉಕ್ಕಿನ ಪ್ಲೇಟಾದರೆ ಇನ್ನೊಂದು ಎಚ್ಚರ: ಅದು 260 ಡಿಗ್ರಿ ದಾಟಿ ಕಾದರೆ ಗಾಜಿನಂತೆ ಒಡೆಯುವ ಗುಣ ಬರುತ್ತದೆ. ಸ್ವಲ್ಪ ಕೆತ್ತಿ, ಜಾಗ ಬದಲಿಸಿ, ತಣಿಯಲು ಬಿಟ್ಟು ಮತ್ತೆ ಕೆತ್ತಬೇಕು.

ಶಬ್ದವೂ ಕಿಡಿಯೂ ವಿಪರೀತ. ಹತ್ತಾರು ಅಡಿ ದೂರಕ್ಕೆ ಕರಗಿದ ಉಕ್ಕು ಹಾರುತ್ತದೆ. ಪಕ್ಕದಲ್ಲಿ ಹತ್ತಿಯ ಗೋದಾಮೋ ಮೆಣಸಿನಕಾಯಿ ಚೀಲದ ರಾಶಿಯೋ ಇರುವಂಥ ಬ್ಯಾಡಗಿ ಬದಿಯ ಅಂಗಡಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

ವೆಲ್ಡಿಂಗ್ ರಾಡಿನಿಂದಲೇ ಕತ್ತರಿಸುವ ರೂಢಿಯೂ ಇದೆ. 3.15 ಮಿ.ಮೀ.ನ 6013 ರಾಡನ್ನು ನೀರಿನಲ್ಲಿ ಅದ್ದಿ, ಆಂಪಿಯರನ್ನು 170–200ಕ್ಕೆ ಏರಿಸಿ, ಗರಗಸದ ಹಾಗೆ ಮೇಲೆ ಕೆಳಗೆ ಆಡಿಸುತ್ತಾರೆ. ಲೇಪ ಒದ್ದೆಯಾದಾಗ ನಿಧಾನವಾಗಿ ಸುಟ್ಟು ತುದಿಯಲ್ಲಿ ಬಟ್ಟಲಿನಂತೆ ನಿಂತು ಆರ್ಕನ್ನು ಮುಂದಕ್ಕೆ ತಳ್ಳುತ್ತದೆ. ಹೊಲದಲ್ಲಿ ಸಿಕ್ಕಿಬಿದ್ದ ಬೋಲ್ಟ್ ಒಡೆಯಲು ಸಾಕು. ಅದನ್ನು ಆಯ್ಕೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ಒದ್ದೆ ರಾಡು ಹಿಡಿಯುವುದರಿಂದ ಒಣಗಿದ ಗ್ಲೌಸ್ ಕಡ್ಡಾಯ.

ಅಂಚಿಗೆ ಆಗುವುದು

ಪ್ಲಾಸ್ಮಾ ಅಂಚು ನೋಡಲು ನುಣುಪು. ಆದರೆ ಗಾಳಿಯ ಮುಕ್ಕಾಲು ಪಾಲು ನೈಟ್ರೋಜನ್. ಅದು ಕರಗಿದ ಅಂಚಿನೊಳಗೆ ಸೇರಿಕೊಳ್ಳುತ್ತದೆ. ನೇರವಾಗಿ ವೆಲ್ಡ್ ಮಾಡಿದರೆ, ಅದರಲ್ಲೂ ತಂತಿ ಮತ್ತು ಗ್ಯಾಸ್ ಬಳಸುವ ಮಿಗ್ ವೆಲ್ಡಿಂಗಿನಲ್ಲಿ, ವೆಲ್ಡ್ ಗೆರೆಯ ತುಂಬ ಸೂಜಿಮೊನೆಯಂಥ ತೂತುಗಳು. ತಂತಿ ಸರಿಯಿಲ್ಲ, ಗ್ಯಾಸ್ ಸರಿಯಿಲ್ಲ ಎಂದು ಹುಡುಕುವ ಮೊದಲು ಅಂಚನ್ನು ಅರ್ಧ ಮಿ.ಮೀ. ಉಜ್ಜಿ ನೋಡಿ.

ಕುಂಟೆಯ ಕುಡಕ್ಕೆ, ಕಲ್ಟಿವೇಟರಿನ ಹಲ್ಲಿಗೆ ಲಾರಿಯ ಕಮಾನು ಪಟ್ಟಿ ಕತ್ತರಿಸುವವರು ಇನ್ನೂ ಜಾಗರೂಕರಾಗಿರಬೇಕು. ಅದು ಇಂಗಾಲ ಹೆಚ್ಚಿರುವ ಸ್ಪ್ರಿಂಗ್ ಉಕ್ಕು. ಪ್ಲಾಸ್ಮಾ ಕಾಯಿಸುವ ಜಾಗ ಕಿರಿದು, ಸುತ್ತಲಿನ ತಣ್ಣನೆಯ ಪಟ್ಟಿ ಆ ಶಾಖವನ್ನು ಗಬಕ್ಕನೆ ಹೀರುತ್ತದೆ. ನೀರಿನಲ್ಲಿ ಅದ್ದಿದಷ್ಟೇ ಗಡಸಾಗುತ್ತದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಅಂಚಿನ ಮೇಲೆ ಕಿರುಚುತ್ತದೆ, ಕೂರುವುದಿಲ್ಲ. ಕೆಲವು ಸಲ ಮರುದಿನ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಇಂಥದಕ್ಕೆ ಪಟ್ಟಿಯನ್ನು ಮೊದಲು 200 ಡಿಗ್ರಿಯವರೆಗೆ ಕಾಯಿಸಿ ಕತ್ತರಿಸಿ, ಕೂಡಲೇ ಒಣ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಬಿಡಿ. ತೂತು ಬೇಕಾದರೆ ಕತ್ತರಿಸುವ ಮುನ್ನವೇ ಹೊಡೆದಿಡಿ. ಈ ಕೆಲಸಕ್ಕೆ ಗ್ಯಾಸ್ ಸ್ವಲ್ಪ ಮೇಲು, ಅಗಲ ಜಾಗ ಕಾಯಿಸುವುದರಿಂದ ನಿಧಾನವಾಗಿ ತಣಿಯುತ್ತದೆ. ತುಂಡು ಸಣ್ಣದಾದರೆ ಕಟಿಂಗ್ ವ್ಹೀಲ್ ಎಲ್ಲಕ್ಕಿಂತ ಸುರಕ್ಷಿತ.

ಮೈ ಕಾಯುವುದು

ವೆಲ್ಡಿಂಗ್ ಮೆಷಿನ್ನಿನ ಖಾಲಿ ವೋಲ್ಟೇಜು 60–80. ಪ್ಲಾಸ್ಮಾದ್ದು 250–300. ವೆಲ್ಡಿಂಗಿನಲ್ಲಿ ಜುಮ್ಮೆನ್ನುವಷ್ಟಕ್ಕೇ ಬಿಡುವ ತಪ್ಪು ಇಲ್ಲಿ ಜೀವ ತೆಗೆಯುತ್ತದೆ. ನೋಜಲ್ ಬಿಚ್ಚುವ ಮುನ್ನ ಮೆಷಿನ್ನಿನ ಸ್ವಿಚ್ಚೇ ಆರಿಸಿ, ಟ್ರಿಗರ್ ಬಿಟ್ಟಿದ್ದೇನೆ ಎಂಬ ಧೈರ್ಯ ಸಾಲದು. ಎರೆಭೂಮಿ ಒಣಗಿ ಬಿರಿದ ಬೇಸಿಗೆಯಲ್ಲಿ ಅರ್ಥಿಂಗ್ ಸಡಿಲಾಗುತ್ತದೆ, ಅರ್ಥ್ ಪಿಟ್ಟಿಗೆ ನೀರು ಹಾಕಿಸುತ್ತಿರಿ.

ಕನ್ನಡಕದ ಗಾಜು ಗ್ಯಾಸಿಗೆ 4–5ನೇ ಶೇಡ್, 40–60 ಆಂಪಿಯರ್ ಪ್ಲಾಸ್ಮಾಕ್ಕೆ 8, ಗೌಜಿಂಗಿಗೆ 12. ಗ್ಯಾಸಿನ ಕನ್ನಡಕ ಹಾಕಿಕೊಂಡು ಪ್ಲಾಸ್ಮಾ ಎಳೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತಾಗುತ್ತದೆ. ಜಿಐ ತಗಡಿನ ಸತುವಿನ ಹೊಗೆಯಿಂದ ಚಳಿಜ್ವರ ಬರುತ್ತದೆ. ಸ್ಟೇನ್‌ಲೆಸ್ಸಿನ ಹೊಗೆ ಅದಕ್ಕಿಂತ ಕೆಟ್ಟದ್ದು, ಅದರಲ್ಲಿರುವ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಬಾಗಿಲ ಬಳಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಮಾಡಿ. ಡೀಸೆಲ್ ಟ್ಯಾಂಕು, ಎಣ್ಣೆ ಡ್ರಮ್ಮು ಖಾಲಿಯಾಗಿದ್ದರೂ ಆವಿ ಇರುತ್ತದೆ. ಮೊದಲು ತೊಳೆಯಿರಿ, ಕತ್ತರಿಸುವ ಗೆರೆಯ ಹತ್ತಿರದವರೆಗೂ ನೀರು ತುಂಬಿ, ಆವಿ ಹೋಗಲು ಬಾಯಿ ತೆರೆದಿಡಿ. ಇಷ್ಟು ಮಾಡುವವರೆಗೆ ಯಾವ ಟಾರ್ಚನ್ನೂ ಹತ್ತಿರ ತರಬೇಡಿ.

ಹಾಗಾದರೆ ಯಾರಿಗೆ ಯಾವುದು

ಟ್ರ್ಯಾಲಿ, ಗೇಟು, ಕೂರಿಗೆ, ಕೃಷಿ ಸಲಕರಣೆ ಮಾಡುವ, ತ್ರೀ ಫೇಸ್ ಇರುವ ಅಂಗಡಿಗೆ 60 ಆಂಪಿಯರ್ ಪ್ಲಾಸ್ಮಾ, 3 ಎಚ್‌ಪಿ ಕಂಪ್ರೆಸರ್. ದುಡ್ಡು ಸಾಲದಿದ್ದರೆ ಮೆಷಿನ್ನಿನ ಬ್ರ್ಯಾಂಡಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಕಂಪ್ರೆಸರಿನಲ್ಲಿ ಇಳಿಯಬೇಡಿ. ಹೋಟೆಲ್ ಅಡುಗೆಮನೆಯ ಸ್ಟೇನ್‌ಲೆಸ್ ಕೆಲಸ ಮಾತ್ರ ಮಾಡುವವರಿಗೆ 40 ಸಾಕು, ಇಲ್ಲಿ ಗ್ಯಾಸ್ ಸ್ಪರ್ಧೆಯಲ್ಲೇ ಇಲ್ಲ. ಗುಜರಿ, ಗರ್ಡರ್, ಹೊರಗಿನ ಕೆಲಸದವರಿಗೆ ಗ್ಯಾಸ್. ಭಾರಿ ಯಂತ್ರಗಳ ರಿಪೇರಿಯವರಿಗೆ ಗ್ಯಾಸ್ ಜೊತೆ 400 ಆಂಪಿಯರ್ ರೆಕ್ಟಿಫೈಯರ್ ಮತ್ತು ಗೌಜಿಂಗ್ ಹೋಲ್ಡರ್, ಪ್ಲಾಸ್ಮಾ ಆಮೇಲೆ. ತಿಂಗಳಿಗೊಮ್ಮೆ ಐವತ್ತು ಫ್ಲಾಂಜು, ನೂರು ಗಸೆಟ್ (ಮೂಲೆಗೆ ಬಲ ಕೊಡುವ ಪ್ಲೇಟು) ಒಂದೇ ಅಳತೆಯಲ್ಲಿ ಬೇಕಾದವರು ಏನನ್ನೂ ಕೊಳ್ಳದೆ ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಕಟಿಂಗ್ ಜಾಬ್‌ವರ್ಕಿಗೆ ಕೊಡುವುದೇ ಜಾಣತನ. ಬೋಲ್ಟ್ ತೂತಿನ ಬಗ್ಗೆ ಮಾತ್ರ ಮೊದಲೇ ಮಾತಾಡಿಕೊಳ್ಳಿ: ಪ್ಲೇಟಿನ ದಪ್ಪಕ್ಕಿಂತ ಚಿಕ್ಕ ತೂತು ಪ್ಲಾಸ್ಮಾದಲ್ಲಿ ಕೋನಾಕಾರವಾಗಿ ಬರುತ್ತದೆ, ಅಂಥವಕ್ಕೆ ಬರೀ ಚುಕ್ಕೆ ಗುರುತು ಹಾಕಿಸಿ ಡ್ರಿಲ್ ಹೊಡೆದುಕೊಳ್ಳಬೇಕು.

ಕೊಳ್ಳುವ ದಿನ ಅಂಗಡಿಯವರು ತೋರಿಸುವ 3 ಮಿ.ಮೀ. ತಗಡಿನ ಡೆಮೊ ನೋಡಿ ಬರಬೇಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದ ದಪ್ಪದ, ಅದೇ ತುಕ್ಕು ಅದೇ ಬಣ್ಣ ಇರುವ ಎರಡು ಅಡಿ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಕ್ಲಾಂಪ್ ಕೂರುವಷ್ಟು ಜಾಗ ಮಾತ್ರ ಉಜ್ಜಿ, ನೀವೇ ಟಾರ್ಚು ಹಿಡಿದು ಉದ್ದಕ್ಕೆ ಎರಡು ಸಲ, ನಡುವೆ ತೂತು ಹೊಡೆದು ಒಂದು ಸಲ ಎಳೆಯಿರಿ. ತೂತು ಹೊಡೆಯುವಾಗ ಟಾರ್ಚನ್ನು ಮೊದಲು ಓರೆ ಹಿಡಿದು, ಕಿಡಿ ಕೆಳಗೆ ದಾಟಿದ ಮೇಲೆ ನೆಟ್ಟಗೆ ಮಾಡಿ. ಆಮೇಲೆ ನೋಜಲ್ ಬಿಚ್ಚಿಸಿ ನೋಡಿ, ಅದೇ ನೋಜಲ್, ಎಲೆಕ್ಟ್ರೋಡ್, ರಿಂಗು ಹುಬ್ಬಳ್ಳಿಯಲ್ಲೇ ಎರಡು ಅಂಗಡಿಗಳಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿ, ಹತ್ತು ಜೊತೆಯ ದರವನ್ನು ಮೆಷಿನ್ನಿನ ಬಿಲ್ಲಿನಲ್ಲೇ ಬರೆಸಿಕೊಳ್ಳಿ.